ತುರಿಕೆಯನ್ನು ಮುಚ್ಚಿಡಬೇಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಬಿರುಬಿಸಿಲು ನಿಮಗೆ ಗೊತ್ತೇ ಇದೆ. ಬೆವರು ಆರದ ತೊಡೆಸಂದಿನಲ್ಲಿ ಕೆಂಪು ಗಾಯ, ಹಸುಗೂಸಿನ ನಾಲಿಗೆಯ ಮೇಲೆ ಬಿಳಿ ಪದರ, ಹೆಂಗಸರಿಗೆ ಗಟ್ಟಿ ಮೊಸರಿನಂಥ ಬಿಳುಪು ಮತ್ತು ತುರಿಕೆ. ಇವುಗಳಿಗೆ ಅನೇಕ ಸಲ ಕ್ಯಾಂಡಿಡಾ ಎಂಬ ಯೀಸ್ಟ್ ಕಾರಣ. ಬಹಳಷ್ಟು ಜನರ ದೇಹದಲ್ಲಿ ಅದು ತೆಪ್ಪಗಿರುತ್ತದೆ. ಸಕ್ಕರೆ ಕಾಯಿಲೆ, ಬಸಿರು, ಆಂಟಿಬಯಾಟಿಕ್ ಸೇವನೆ ಅದರ ಬೆಳವಣಿಗೆಗೆ ಅನುಕೂಲ ಮಾಡಿಕೊಡುತ್ತವೆ.

ಸಿಗಡಿ, ಏಡಿಗಳ ಚಿಪ್ಪಿನಿಂದ ತಯಾರಿಸುವ ಕೈಟೋಸಾನ್ ಎಂಬ ನೈಸರ್ಗಿಕ ಪಾಲಿಮರ್ ಪ್ರಯೋಗಾಲಯದಲ್ಲಿ ಈ ಯೀಸ್ಟನ್ನು ತಡೆಯುತ್ತದೆ. ಧನ ಆವೇಶದ ಕೈಟೋಸಾನ್, ಋಣ ಆವೇಶದ ಯೀಸ್ಟಿನ ಹೊರಮೈಗೆ ಅಂಟಿಕೊಳ್ಳುತ್ತದೆ. ಪೊರೆ ಹರಿದು ಒಳಗಿನ ಸಾರ ಸೋರಿಹೋಗುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯಾಂಡಿಡಾ ಅಲ್ಬಿಕನ್ಸನ್ನು ಅತಿ ಗಂಭೀರ ಶಿಲೀಂಧ್ರಗಳ ಸಾಲಿಗೆ ಸೇರಿಸಿದೆ. ಆದ್ದರಿಂದ ಹೊಸ ಔಷಧಿ ಬೇಕು, ನಿಜ. ಆದರೆ ಪ್ರಯೋಗಾಲಯದಲ್ಲಿ ಗೆದ್ದದ್ದೆಲ್ಲ ಮನುಷ್ಯರಿಗೆ ಮದ್ದಾಗುವುದಿಲ್ಲ. ಅಂಗಡಿಯ ಕೈಟೋಸಾನ್ ಮಾತ್ರೆ ನುಂಗಿದರೆ ಈ ರೋಗ ವಾಸಿಯಾಗದು.

ನನ್ನ ಚಿಂತೆ ಇನ್ನೊಂದು. ನಾಚಿಕೆಯಿಂದ ರೋಗ ಮುಚ್ಚಿಟ್ಟು, ಸ್ಟಿರಾಯ್ಡ್ ಬೆರೆತ ಮುಲಾಮನ್ನು ನಾವೇ ಕೇಳಿ ತರುತ್ತೇವೆ. ತುರಿಕೆ ಅಡಗುತ್ತದೆ, ಶಿಲೀಂಧ್ರ ಹಬ್ಬುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಕೊಳ್ಳುವ ನಾವು ಬದಲಾಗದೆ ನಿಯಮವೊಂದರಿಂದ ಏನಾದೀತು?

ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ. ವಾಸಿ ಮಾಡುವ ಔಷಧಿ ಈಗಲೂ ಇದೆ. ಹೇಳಿದಷ್ಟು ದಿನ ಬಿಡದೆ ಬಳಸಿ. ಒದ್ದೆ ಒಳಉಡುಪು ಬದಲಿಸಿ, ಮೈಸಂದುಗಳನ್ನು ಒಣಗಿಸಿಕೊಳ್ಳಿ. ಪದೇ ಪದೇ ಮರುಕಳಿಸಿದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ.