ಮಗುವಿಗೆ ಪದೇ ಪದೇ ಜ್ವರವೇ? ಮೂತ್ರ ಪರೀಕ್ಷೆ ಜತೆ ಮನೆತನದ ಲೆಕ್ಕವೂ ಬೇಕು

ಮಗುವಿಗೆ ಜೋರು ಜ್ವರ. ಕೆಮ್ಮಿಲ್ಲ, ನೆಗಡಿಯೂ ಇಲ್ಲ. ಮೆಡಿಕಲ್‌ನಿಂದ ಸಿರಪ್ ತಂದು ಕುಡಿಸಿದರೆ ಇಳಿಯುತ್ತೆ, ತಿಂಗಳು ಕಳೆದರೆ ಮತ್ತೆ ಹಾಜರ್. 'ಹಲ್ಲು ಬರ್ತಿದೆ', 'ದೃಷ್ಟಿ ತಾಗಿದೆ' ಅಂತ ಸುಮ್ಮನಾಗುವವರೇ ಹೆಚ್ಚು. ಆದರೆ ಇಂಥ ಜ್ವರದ ಹಿಂದೆ ಮೂತ್ರದ ಸೋಂಕು, ಅದರ ಹಿಂದೆ ವಂಶದಲ್ಲೇ ಬಂದ ತೊಂದರೆ ಇರಬಹುದು.

ಏನಿದು ರಿಫ್ಲಕ್ಸ್?

ಮೂತ್ರ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯಬೇಕು, ವಾಪಸ್ ಹತ್ತಬಾರದು. ನಳಿಕೆಯು ಮೂತ್ರಕೋಶದ ಗೋಡೆಯೊಳಗೆ ಓರೆಯಾಗಿ ಸಾಗುವುದರಿಂದ, ಮೂತ್ರ ತುಂಬಿದಾಗ ಒತ್ತಿ ಮುಚ್ಚಿಕೊಳ್ಳುತ್ತದೆ. ಪಂಪ್‌ಸೆಟ್ಟಿನ ವಾಲ್ವ್ ಇದ್ದ ಹಾಗೆ. ಕೆಲವು ಮಕ್ಕಳಲ್ಲಿ ಈ ಭಾಗ ಹುಟ್ಟಿನಿಂದಲೇ ಗಿಡ್ಡ. ಆಗ ಮೂತ್ರದ ಜತೆ ಸೋಂಕೂ ಕಿಡ್ನಿಗೆ ಏರುತ್ತೆ. ಅಲ್ಲಿ ಕಲೆ ಉಳಿದರೆ ಮುಂದೆ ಬಿಪಿ, ಕಿಡ್ನಿ ದುರ್ಬಲ ಆಗುವ ಅಪಾಯವಿದೆ.

'ಸೊಸೆ ಕಡೆಯಿಂದ ಬಂತು' ಅನ್ನೋದು ಸುಳ್ಳು

ಸಾಮಾನ್ಯವಾಗಿ ಸುಮಾರು 100 ಮಕ್ಕಳಲ್ಲಿ ಒಬ್ಬರಿಗೆ ರಿಫ್ಲಕ್ಸ್ ಇರುತ್ತದೆ ಎಂಬುದು ಅಂದಾಜು. ಮನೆಯಲ್ಲಿ ಒಂದು ಮಗುವಿಗೆ ಇದ್ದರೆ ಲೆಕ್ಕವೇ ಬೇರೆ. ಒಡಹುಟ್ಟಿದವರನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ, ತಂದೆ ಅಥವಾ ತಾಯಿಗೆ ಇದ್ದರೆ ಮೂವರು ಮಕ್ಕಳಲ್ಲಿ ಒಬ್ಬರಿಗೆ ಕಂಡುಬಂದಿದೆ. ಇದಕ್ಕೆ ಒಂದೇ ಜೀನ್ ಕಾರಣವಲ್ಲ. 'ರೋಬೋ2'ನಂಥ ಜೀನ್‌ನ ದೋಷ ಸಿಕ್ಕಿರುವುದು ಕೆಲವೇ ಕುಟುಂಬಗಳಲ್ಲಿ. ದೋಷ ಅಪ್ಪನಿಂದಲೂ ಬರುತ್ತೆ, ಅಮ್ಮನಿಂದಲೂ ಬರುತ್ತೆ. ದೋಷ ಇದ್ದವರಿಗೆಲ್ಲ ಕಾಯಿಲೆ ಕಾಣಿಸಲ್ಲ. ಹಾಗಾಗಿ ತಾಯಿಯೊಬ್ಬಳನ್ನೇ ದೂರುವುದರಲ್ಲಿ ಅರ್ಥವಿಲ್ಲ.

ಪಟ್ಟಿಯಲ್ಲಿ ಇಲ್ಲ

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ. ಸೀಳುತುಟಿ, ಹೃದಯದ ತೊಂದರೆ ಸೇರಿ ಹಲವು ಸಮಸ್ಯೆಗಳ ಪಟ್ಟಿಯಲ್ಲಿ ರಿಫ್ಲಕ್ಸ್ ಇಲ್ಲ. ಮುಟ್ಟಿ ನೋಡಿ ಹಿಡಿಯುವ ಕಾಯಿಲೆಯೂ ಇದಲ್ಲ. ಅಂದರೆ ಮೊದಲ ಸುಳಿವು ಸಿಗಬೇಕಾದದ್ದು ಮನೆಯಲ್ಲೇ. 'ಕುಟುಂಬದಲ್ಲಿ ಯಾರಿಗಾದರೂ ಕಿಡ್ನಿ ಅಥವಾ ಮೂತ್ರದ ತೊಂದರೆ ಇತ್ತಾ?' ಅನ್ನೋ ಒಂದು ಪ್ರಶ್ನೆಯನ್ನು ತಪಾಸಣೆಯಲ್ಲಿ ಸೇರಿಸಿದರೆ ಸರ್ಕಾರಕ್ಕೆ ಖರ್ಚೇನೂ ಆಗಲ್ಲ.

ಮನೆಯವರು ಮಾಡಬೇಕಾದ್ದು

ಕಾರಣ ತಿಳಿಯದ ಜ್ವರವಿದ್ದರೆ ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಮೂತ್ರ ಪರೀಕ್ಷೆ ಮಾಡಿಸಬೇಕು. ಔಷಧಿ ಕುಡಿಸಿದ ಮೇಲೆ ಕಲ್ಚರ್‌ನಲ್ಲಿ ಸೋಂಕು ಸಿಗದೇ ಹೋಗಬಹುದು. ಅಣ್ಣನಿಗೆ ರಿಫ್ಲಕ್ಸ್ ಇದ್ದರೆ ತಮ್ಮ, ತಂಗಿಯ ಜ್ವರವನ್ನು ಹಗುರವಾಗಿ ತಗೋಬಾರದು, ಸ್ಕ್ಯಾನಿಂಗ್ ಬೇಕೇ ಅಂತ ಮಕ್ಕಳ ವೈದ್ಯರನ್ನು ಕೇಳಬೇಕು. ಗಾಬರಿ ಬೇಡ. ಸೌಮ್ಯವಾಗಿದ್ದರೆ ಮಗು ಬೆಳೆದಂತೆ ಹೆಚ್ಚಿನವರಲ್ಲಿ ತಾನಾಗೇ ಸರಿಹೋಗುತ್ತೆ. ಆದರೆ ಕಿಡ್ನಿಯ ಮೇಲೆ ಒಮ್ಮೆ ಉಳಿದ ಕಲೆ ಮಾತ್ರ ಅಳಿಸಲ್ಲ.