ಮೇಸ್ತ್ರಿ ಮುಂದೆ ಕೂರಿಸ್ಕೊಂಡು ಮನಸ್ಸಿನ ಮಾತು ಕೇಳ್ತೀರಾ?



ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಹೋದ ತಿಂಗಳು ನಮ್ಮ ಕಡೆ ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡ್ತಿರೋ ಹುಡುಗನೊಬ್ಬ ಬಂದಿದ್ದ. ವಿಷಯ, ಪೌರಕಾರ್ಮಿಕರ ಮಾನಸಿಕ ಒತ್ತಡ. ಹುಡುಗ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಬೆಳಿಗ್ಗೆ ಹಾಜರಿ ಹಾಕೋ ಜಾಗದಲ್ಲೇ ನಿಂತು, ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳಿದ. ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಮೇಸ್ತ್ರಿ ಕೂತಿದ್ದ.

"ಕೆಲಸದ ಸ್ಥಳದಲ್ಲಿ ನೀವು ಜಾತಿ ಆಧಾರಿತ ತಾರತಮ್ಯವನ್ನು ಅನುಭವಿಸಿದ್ದೀರಾ?" ಹೌದು, ಇಲ್ಲ, ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು. ಹೋಗುವಾಗ ಅವನೇ ನನಗೆ ಖುಷಿಯಿಂದ ಹೇಳಿದ, "ಸಾರ್, ಇಲ್ಲಿ ಆ ಸಮಸ್ಯೆ ಅಷ್ಟೇನಿಲ್ಲ. ಹನ್ನೊಂದು ಜನಾನೂ ಇಲ್ಲ ಅಂದ್ರು."

ಆ ಹನ್ನೊಂದರಲ್ಲಿ ನಮ್ಮ ಚಿಕ್ಕವ್ವನೂ ಒಬ್ಬಳು. ಸಂಜೆ ಮನೆಗೆ ಹೋಗಿ ಕೇಳಿದೆ. "ತಾರತಮ್ಯ ಅಂದ್ರೆ ಏನ್ಲಾ ಮಗಾ?" ಅಂದ್ಲು. ನಾನು ಆ ಪದಾನ ಬಿಟ್ಟೆ. "ಬೀದಿಲಿ ಬಾಯಾರಿದ್ರೆ ನೀರು ಯಾರ್ ಕೊಡ್ತಾರವ್ವ? ಯಾವುದ್ರಲ್ಲಿ ಕೊಡ್ತಾರೆ?" ಅಷ್ಟೇ ಕೇಳಿದ್ದು. ಅರ್ಧ ಗಂಟೆ ಮಾತಾಡಿದ್ಲು. ಒಂದು ಮನೇಲಿ ಮೇಲಿಂದ ಬಾಟಲಿಗೆ ಹುಯ್ತಾರಂತೆ, ಕೈ ತಾಗಬಾರದು. ಇನ್ನೊಂದು ಮನೆಯವರು ಕಾಂಪೌಂಡ್ ಮೇಲೆ ಇವರಿಗೇ ಅಂತ ಒಂದು ಹಳೇ ಪ್ಲಾಸ್ಟಿಕ್ ಜಗ್ ಇಟ್ಟಿದ್ದಾರೆ. ಬಚ್ಚಲಿಗೆ ಯಾರೂ ಬಿಡಲ್ಲ, ಅದಕ್ಕೇ ಕೆಲಸ ಮುಗಿಯೋ ತನಕ ನೀರೇ ಕುಡಿಯಲ್ಲ. "ಮತ್ತೆ ಇಲ್ಲ ಅಂತ ಯಾಕಂದೆ?" ಅಂದ್ರೆ, "ಕಾಯಂ ಪಟ್ಟಿಲಿ ಹೆಸರು ಬರೋ ಹೊತ್ತಲ್ಲಿ ಮೇಸ್ತ್ರಿ ಮುಂದೆ ಹೌದು ಅನ್ನಕ್ಕಾಯ್ತದಾ?"

ನಾನು ಬಿಎ ಓದಿದ ಗುಮಾಸ್ತ. ಪಿಎಚ್‌ಡಿ ಮಾಡಿದವನಲ್ಲ. ಆದರೆ ಇಪ್ಪತ್ತು ವರ್ಷದಿಂದ ನಮೂನೆ, ಅರ್ಜಿ, ಕಾಲಂಗಳ ಮಧ್ಯೆಯೇ ಬದುಕಿದ್ದೀನಿ. ಕಾಲಂ ಇಲ್ಲದ ಸತ್ಯ ಫೈಲಿನೊಳಗೆ ಬರೋದೇ ಇಲ್ಲ ಅನ್ನೋದು ನನಗೆ ಚೆನ್ನಾಗಿ ಗೊತ್ತು.

ಇದೇನು ನಾನು ಕಂಡುಹಿಡಿದ ಸಂಗತಿಯಲ್ಲ. ಅಮೆರಿಕದಲ್ಲಿ ಲಾಪಿಯೆರ್ ಅನ್ನೋ ಸಮಾಜಶಾಸ್ತ್ರಜ್ಞ 1930ರ ಸುಮಾರಿಗೆ ಚೀನಾದ ದಂಪತಿಯೊಬ್ಬರ ಜೊತೆ ಊರೂರು ಸುತ್ತಿದ. 251 ಹೋಟೆಲು, ವಸತಿಗೃಹಗಳಲ್ಲಿ ಒಂದೇ ಒಂದು ಕಡೆ ಬಾಗಿಲು ಹಾಕಿದರು. ಆಮೇಲೆ ಅವೇ ಜಾಗಗಳಿಗೆ ಪತ್ರ ಬರೆದು "ಚೀನೀಯರನ್ನು ಸೇರಿಸ್ತೀರಾ?" ಅಂತ ಕೇಳಿದರೆ, ಉತ್ತರ ಕೊಟ್ಟವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲ ಅಂದರು. 1934ರಲ್ಲಿ ಅದನ್ನ ಪ್ರಕಟಿಸಿದ. ಕಾಗದದ ಮೇಲಿನ ಉತ್ತರ ಬೇರೆ, ಬಾಗಿಲಲ್ಲಿ ನಡೆಯೋದು ಬೇರೆ. ನಮ್ಮಲ್ಲಿ ಇದು ಉಲ್ಟಾ. ಕಾಗದದ ಮೇಲೆ ಎಲ್ಲರೂ ಸಮಾನತಾವಾದಿಗಳೇ, ಬಾಗಿಲಲ್ಲಿ ಪ್ಲಾಸ್ಟಿಕ್ ಜಗ್.

ನಮ್ಮ ದೇಶದಲ್ಲೂ ತಿಳಿದು ಕೇಳಿದವರಿದ್ದಾರೆ. 2011-12ರಲ್ಲಿ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ 40 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಯಿತು. ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸ್ತೀರಾ ಅಂತ ನೇರವಾಗಿ ಕೇಳಿತು. ಇಲ್ಲ ಅಂದವರನ್ನ ಅಲ್ಲಿಗೇ ಬಿಡಲಿಲ್ಲ. ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ತೊಂದರೆ ಇದೆಯಾ ಅಂತ ಇನ್ನೊಂದು ಪ್ರಶ್ನೆ ಇಟ್ಟಿತ್ತು. ಒಟ್ಟು ನೂರಕ್ಕೆ ಸುಮಾರು 27 ಮನೆಯವರು ಒಪ್ಪಿಕೊಂಡರು, ತಮ್ಮ ಬಾಯಿಂದಲೇ! ಪ್ರಶ್ನೆ "ತಾರತಮ್ಯ" ಅನ್ನೋ ಪುಸ್ತಕದ ಪದದಿಂದ ಇಳಿದು ಅಡುಗೆಮನೆಗೆ ಬಂದಾಗ ಉತ್ತರವೂ ಬರುತ್ತೆ. ಗಮನಿಸಿ, ಈ ಪ್ರಶ್ನೆಯನ್ನ ಆಚರಿಸುವವರಿಗೆ ಕೇಳಿದ್ದಾರೆ. ಕಾಯಿಲೆ ಅವರದ್ದು, ಪರೀಕ್ಷೆ ಮಾತ್ರ ಯಾವಾಗಲೂ ನಮಗೇ ಯಾಕೆ?

ಆ ಹುಡುಗನ ಕೈಲಿ ಪಿಎಚ್‌ಕ್ಯೂ-9 ಅನ್ನೋ ಪಟ್ಟಿಯೂ ಇತ್ತು. ಖಿನ್ನತೆ ಅಳೆಯೋಕೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿದೆ, ಸುಸ್ತಿದೆಯಾ, ನಿಮ್ಮ ಬಗ್ಗೆ ನಿಮಗೇ ಕೀಳು ಅನಿಸಿದೆಯಾ. ಪಟ್ಟಿ ಕೆಟ್ಟದ್ದಲ್ಲ, ಆಸ್ಪತ್ರೆಗಳಲ್ಲಿ ಉಪಯೋಗಕ್ಕೆ ಬರುತ್ತೆ. ಆದರೆ ನಾಲ್ಕು ಗಂಟೆಗೆ ಎದ್ದು ಬೀದಿ ಗುಡಿಸೋ ಹೆಂಗಸಿಗೆ ನಿದ್ದೆ ಇಲ್ಲ, ಸುಸ್ತು ಇದೆ ಅಂದರೆ ಅದು ಖಿನ್ನತೆಯೋ, ಕೆಲಸದ ಹೊರೆಯೋ? ಅಂಕ ಕೂಡಿದರೆ ಅದು ತಿಳಿಯಲ್ಲ. ಪಕ್ಕ ಕೂತು "ಯಾಕವ್ವ?" ಅಂತ ಕೇಳಬೇಕು. ಇನ್ನು ಕೀಳು ಅನ್ನೋ ಪ್ರಶ್ನೆಗೆ ಚಿಕ್ಕವ್ವ ನನ್ನ ಹತ್ರ ಹೇಳಿದ್ದಿಷ್ಟೇ, "ನಂಗ್ಯಾಕೆ ಅನ್ನುಸ್ತದೆ? ಅವರಿಗೆ ಅನ್ನುಸ್ತದೆ." ಇದನ್ನ ಯಾವ ಅಂಕಕ್ಕೆ ಹಾಕ್ತೀರಿ?

ನಮ್ಮ ತಪ್ಪನ್ನೂ ಹೇಳಿಬಿಡ್ತೀನಿ. ಕೆಲವು ವರ್ಷದ ಹಿಂದೆ ನಾವೇ ಗೆಳೆಯರು ಸೇರಿ ಒಂದು ಸಮೀಕ್ಷೆ ಮಾಡಿದ್ವಿ. ಮೊದಲ ಪ್ರಶ್ನೆ ನಾನೇ ಬರೆದಿದ್ದು, "ಸವರ್ಣೀಯರ ದೌರ್ಜನ್ಯದಿಂದ ನೀವು ಎಷ್ಟು ನೊಂದಿದ್ದೀರಿ?" ಅಂತ. ಸಭೆಯಲ್ಲಿ ಅಧಿಕಾರಿಯೊಬ್ಬರು ಅದನ್ನ ಓದಿ, "ಉತ್ತರಾನೂ ನೀವೇ ಬರ್ಕೊಂಡು ಬಂದಿದ್ದೀರಲ್ರಿ" ಅಂತ ಪಕ್ಕಕ್ಕಿಟ್ಟರು. ಆವತ್ತು ಮೈ ಉರಿದಿತ್ತು. ಈಗ ಅನಿಸುತ್ತೆ, ಅವರು ಹೇಳಿದ್ದು ಸರಿ. ಇನ್ನೂರು ಮನೆಯವರ ನೋವು ನನ್ನ ಒಂದು ವಾಕ್ಯದಿಂದ ಕಸವಾಯ್ತು.

ಆದ್ದರಿಂದ ನಮ್ಮ ಕೇರಿಗಳಿಗೆ ಫಾರಂ ಹಿಡಿದು ಬರೋರಿಗೆ ನಮ್ಮ ಷರತ್ತು: ಪ್ರಶ್ನೆಗಳನ್ನ ಮೊದಲು ನಮ್ಮ ಹೆಂಗಸರ ಮುಂದೆ ಓದಿ, ಅರ್ಥ ಆಗದ ಪದ ತೆಗೆಯಿರಿ. ಮೇಸ್ತ್ರಿ, ಸೂಪರ್‌ವೈಸರ್ ಇರೋ ಕಡೆ ಕೇಳಬೇಡಿ. ಹೆಂಗಸರನ್ನ ಹೆಂಗಸರೇ ಮಾತಾಡಿಸಲಿ, ಬಚ್ಚಲ ವಿಚಾರ ಆ ಹುಡುಗನ ಹತ್ರ ಯಾರು ಹೇಳ್ತಾರೆ? ಬರೆದದ್ದನ್ನ ವಾಪಸ್ ತಂದು ಓದಿ ಹೇಳಿ. ಹೆಸರು ಗುಟ್ಟಾಗಿರಲಿ.

ಹುಡುಗನಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಸಾರ್, ಗೈಡ್ ಪ್ರಶ್ನೆ ಬದಲಾಯಿಸೋಕೆ ಒಪ್ಪಲ್ಲ" ಅಂದ. ಗೈಡನ್ನೂ ಕರ್ಕೊಂಡು ಬಾ ಅಂದಿದ್ದೀನಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಂಬೇಡ್ಕರ್ ಭವನದಲ್ಲಿ ಹನ್ನೊಂದು ಜನಾನೂ ಇರ್ತಾರೆ. ಹತ್ತಿರದಲ್ಲಿರೋ ಗೆಳೆಯರು ನೀವೂ ಬನ್ನಿ.