ಮ್ಯಾಟು, ಎರಿ ಮಣ್ಣು ಮತ್ತು ಬ್ರೇಕು

ಕಾರು ಕೊಳ್ಳೋ ಮಂದಿ ಎಷ್ಟೊಂದು ಪ್ರಶ್ನೆ ಕೇಳ್ತಾರೆ ನೋಡಿ. ಮೈಲೇಜ್ ಎಷ್ಟು, ಏರ್‌ಬ್ಯಾಗ್ ಎಷ್ಟು, ನಾಳೆ ಮಾರಿದ್ರೆ ಎಷ್ಟು ಬರುತ್ತೆ, ಟಚ್‌ಸ್ಕ್ರೀನ್ ಎಷ್ಟು ಇಂಚು. ಕಾಲಿನ ಕೆಳಗೆ ಹಾಸೋ ಮ್ಯಾಟಿನ ಬಗ್ಗೆ ಮಾತ್ರ ಒಂದೇ ಪ್ರಶ್ನೆ: "ಅದು ಫ್ರೀ ಕೊಡ್ತೀರಿ ಹೌದಲ್ರೀ?" ಕೊಡ್ತಾರೆ. ಡ್ಯಾಶ್‌ಬೋರ್ಡಿಗೆ ಸಣ್ಣ ಗಣಪತಿ, ಸುಗಂಧದ ಡಬ್ಬಿ, ಸ್ಟೀರಿಂಗ್ ಕವರ್, ಮ್ಯಾಟು. ಈ ನಾಲ್ಕೂ ಒಂದೇ ಜಾತಿಯ ಸಾಮಾನು ಅನ್ನೋದು ಎಲ್ಲರ ನಂಬಿಕೆ. ನನ್ನ ತಕರಾರು ಇರೋದು ಅಲ್ಲೇ. ಡ್ರೈವರ್ ಕಾಲ ಕೆಳಗಿನ ಮ್ಯಾಟು ಬ್ರೇಕಿನ ನೆಂಟ. ಅದನ್ನು ಸುಗಂಧದ ಡಬ್ಬಿ ಜೊತೆ ಒಂದೇ ಚೀಲದಲ್ಲಿ ಹಾಕಿ ಕೊಡೋದು ನಿಲ್ಲಬೇಕು.

ಓದಿದ್ದು ಮೆಕ್ಯಾನಿಕಲ್, ಹೊಟ್ಟೆ ಹೊರೀತಿರೋದು ಸಾಫ್ಟ್‌ವೇರು. ನಮ್ಮ ಬ್ಯಾಚಿನ ಮುಕ್ಕಾಲು ಜನರ ಕಥೆ ಇದೇ ಬಿಡಿ :-) ಆದ್ರೆ ರಾಯಚೂರಿಗೆ ಹೋದಾಗಲೆಲ್ಲ ಒಳಗಿರೋ ಮೆಕ್ಯಾನಿಕಲ್ಲಿನವನು ಎದ್ದು ಕೂರ್ತಾನೆ. ಯಾಕಂದ್ರೆ ನಮ್ಮ ಜಿಲ್ಲೆಯ ಮಣ್ಣು, ಬಿಸಿಲು, ನೀರು ಮೂರೂ ಸೇರಿ ಯಾವ ವಸ್ತುವನ್ನಾದ್ರೂ ಪರೀಕ್ಷೆಗೆ ಹಚ್ಚಿಬಿಡ್ತವೆ.

ಈ ಕಡೆ ಬಾರದವರಿಗೆ ಸ್ವಲ್ಪ ಹೇಳ್ತೀನಿ. ನಮ್ಮದು ಕೃಷ್ಣೆ, ತುಂಗಭದ್ರೆಯರ ನಡುವಿನ ನಾಡು. ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಹಾಗಾಗಿ ಭತ್ತ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಅಲ್ಲೂ ನೀರಾವರಿ, ಉಳಿದಂತೆ ಹತ್ತಿ, ತೊಗರಿ, ಮೆಣಸಿನಕಾಯಿ. ಎರಿ ಭೂಮಿಯೂ ಉಂಟು, ಕೆಂಪು ಮಸಾರಿಯೂ ಉಂಟು. ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಜಾಸ್ತಿ. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತೆ, ಬೇಸಿಗೇಲಿ ಒಣಗಿದ್ರೆ ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ಬಿರುಕು ಬಿಡುತ್ತೆ. ಮಳೆಗಾಲದಲ್ಲಿ ಗದ್ದೆಗೆ ಇಳಿದು ಬಂದವರ ಚಪ್ಪಲಿ ನೋಡ್ಬೇಕು ನೀವು. ಒಂದೊಂದು ಹೆಜ್ಜೆಗೆ ಒಂದೊಂದು ಪದರ ಅಂಟಿ, ಮನೆ ಮುಟ್ಟೋ ಹೊತ್ತಿಗೆ ಮನುಷ್ಯ ಎರಡು ಇಂಚು ಎತ್ತರ ಆಗಿರ್ತಾನೆ. ಆ ರಾಡಿ ಚಪ್ಪಲಿಯಲ್ಲೇ ಗಾಡಿ ಹತ್ತೋದು, ಆ ಚಪ್ಪಲಿಯಿಂದಲೇ ಬ್ರೇಕ್ ಒತ್ತೋದು.

ಅಂಗಡಿಯಲ್ಲಿ ಸಿಗೋ ಮ್ಯಾಟುಗಳನ್ನು ಮಾಡಿದವರು ಈ ಚಪ್ಪಲಿಯನ್ನು ನೋಡಿಯೇ ಇಲ್ಲ. ಶೋರೂಮಿಗೆ ಬೂಟು ಹಾಕ್ಕೊಂಡು ಬರೋ ಗಿರಾಕಿಗೋಸ್ಕರ ಮಾಡಿದ್ದು ಅವು. ಹೋದ ವರ್ಷ ಸ್ಟೇಷನ್ ರೋಡಿನ ಅಂಗಡಿಯೊಂದರಲ್ಲಿ ಅರ್ಧ ದಿನ ಕೂತು ಒಂದೊಂದನ್ನೇ ಎತ್ತಿ, ಮಡಚಿ, ತಿರುವಿ ನೋಡಿದೆ. ಅಂಗಡಿಯವರು ಒಳ್ಳೆಯವರು, ಚಹಾ ಕೂಡ ಕುಡಿಸಿದ್ರು. ಈಗ ಎಲ್ಲರೂ ಕೇಳೋದು "ಸೆವೆನ್ ಡಿ" ಮ್ಯಾಟಂತೆ. ಮೇಲೆ ರೆಕ್ಸಿನ್ ಥರದ ಹೊದಿಕೆ, ಒಳಗೆ ಫೋಮು, ವಜ್ರಾಕಾರದ ಹೊಲಿಗೆ. ಸೋಫಾವನ್ನು ನೆಲಕ್ಕೆ ಹಾಸಿದಂಗೆ ಕಾಣುತ್ತೆ. ಏಳು ಆಯಾಮ ಎಲ್ಲಿವೆ ಅಂತ ಕೇಳಿದೆ, ಅವರೂ ನಕ್ಕರು. ಚಂದ ಐತಿ, ಇಲ್ಲ ಅನ್ನಲ್ಲ. ಆದ್ರೆ ನಯವಾದ ರೆಕ್ಸಿನ್ ಮೇಲೆ ಒದ್ದೆ ಎರಿ ಮಣ್ಣು ಬಿದ್ರೆ ಹಿಮ್ಮಡಿ ನಿಲ್ಲೋದಿಲ್ಲ. ಅಂಚಿನಿಂದ ನೀರು ಕೆಳಗೆ ಇಳಿದ್ರೆ ಫೋಮಿನ ಅಡಿಯಲ್ಲಿ ಕಾರ್ಪೆಟ್ ವಾರಗಟ್ಟಲೆ ಹಸಿಯಾಗೇ ಇರುತ್ತೆ, ಅದರ ಕೆಳಗಿನ ತಗಡಿಗೆ ತುಕ್ಕು.

ಇನ್ನೊಂದು ಹುಲ್ಲು ಮ್ಯಾಟು. ಶಾವಿಗೆ ಹಂಗೆ ಸುತ್ತಿದ ಪಿವಿಸಿ ಎಳೆಗಳು. ಒಣ ಧೂಳಿಗೆ ಇದು ಚಲೋ, ಧೂಳು ಎಳೆಗಳ ಸಂದಿಗೆ ಇಳಿದು ಮೇಲೆ ಸ್ವಚ್ಛ ಕಾಣುತ್ತೆ. ರಾಡಿಗೆ ಆಗಿಬರೋದಿಲ್ಲ. ಎಳೆಗಳ ನಡುವೆ ಎರಿ ಮಣ್ಣು ತುಂಬಿ ಒಣಗಿದ್ರೆ ಇಟ್ಟಂಗಿ. ಅದಕ್ಕಿಂತ ದೊಡ್ಡ ತೊಂದರೆ ಅದರ ದಪ್ಪ. ಕೆಳಗೆ ಕಂಪನಿ ಮ್ಯಾಟ್ ಇರುತ್ತಲ್ಲ, ಅದನ್ನ ತೆಗೀದೇ ಅದರ ಮೇಲೇ ಇದನ್ನ ಹಾಸ್ತಾರೆ. ಆಕ್ಸಿಲರೇಟರ್ ಪೆಡಲ್ಲಿಗೂ ನೆಲಕ್ಕೂ ಕಂಪನಿಯವರು ಲೆಕ್ಕ ಹಾಕಿ ಬಿಟ್ಟಿರೋ ಜಾಗ ಅಲ್ಲಿಗೆ ಮುಗೀತು.

ಇದರಲ್ಲಿ ಏನು ಮಹಾ ಅಂತ ಅನ್ನಿಸಬಹುದು. 2009ರ ಆಗಸ್ಟ್ 28ರಂದು ಕ್ಯಾಲಿಫೋರ್ನಿಯಾದ ಸ್ಯಾಂಟೀ ಅನ್ನೋ ಊರಲ್ಲಿ ಒಂದು ಲೆಕ್ಸಸ್ ಕಾರು ತಡೆಯೋಕಾಗದ ವೇಗದಲ್ಲಿ ಹೋಗಿ ನಾಲ್ಕು ಜನ ಸತ್ತರು. ಓಡಿಸ್ತಿದ್ದವರು ಹೈವೇ ಪೊಲೀಸ್ ಅಧಿಕಾರಿ, ಅಂದ್ರೆ ಗಾಡಿ ಓಡಿಸೋಕೆ ತರಬೇತಿ ಪಡೆದ ಮನುಷ್ಯ. ಅದು ಡೀಲರು ತಾತ್ಕಾಲಿಕವಾಗಿ ಕೊಟ್ಟ ಕಾರು. ಅದರಲ್ಲಿ ಇದ್ದದ್ದು ಬೇರೆ ಮಾದರಿಯ ಗಾಡಿಗೆ ಮಾಡಿದ ದಪ್ಪ ರಬ್ಬರ್ ಮ್ಯಾಟು, ಕೊಂಡಿಗೂ ಹಾಕಿರಲಿಲ್ಲ. ಪೆಡಲ್ ಅದಕ್ಕೆ ಸಿಕ್ಕಿಕೊಂಡಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಟೊಯೊಟಾ ಕಂಪನಿ ಅಮೆರಿಕದ ಸುಮಾರು 38 ಲಕ್ಷ ಗಾಡಿಗಳ ಮಾಲೀಕರಿಗೆ ಡ್ರೈವರ್ ಕಡೆಯ ಮ್ಯಾಟು ತೆಗೆದುಹಾಕಿ ಅಂತ ಹೇಳಬೇಕಾಯ್ತು. ಆಮೇಲೆ ಪೆಡಲ್ಲನ್ನೇ ಕತ್ತರಿಸಿ ಗಿಡ್ಡ ಮಾಡಿದ್ರು, ಬ್ರೇಕ್ ಒತ್ತಿದ್ರೆ ಇಂಜಿನ್ ತಗ್ಗೋ ಹಾಗೆ ಸಾಫ್ಟ್‌ವೇರ್ ಹಾಕಿದ್ರು. ಗ್ರಾಹಕರಿಗೆ ಸರಿಯಾಗಿ ಹೇಳದೆ ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡವನ್ನೂ ಕಟ್ಟಿದ್ರು. ಸಾಫ್ಟ್‌ವೇರಿನವರು ಗಮನಿಸಬೇಕಾದ ಒಂದು ಮಾತು: ಆಗ ಎಲ್ಲರ ಅನುಮಾನ ಇದ್ದದ್ದು ನಮ್ಮ ಕಡೆ, ಎಲೆಕ್ಟ್ರಾನಿಕ್ ಥ್ರಾಟಲ್ ಮೇಲೆ. ನಾಸಾದವರನ್ನೇ ಕರೆಸಿ ತಿಂಗಳುಗಟ್ಟಲೆ ನೋಡಿಸಿದ್ರು. 2011ರ ಫೆಬ್ರವರಿಯಲ್ಲಿ ಬಂದ ವರದಿಯಲ್ಲಿ ಎಲೆಕ್ಟ್ರಾನಿಕ್ಸಿನ ದೋಷ ಸಿಗಲಿಲ್ಲ. (2013ರಲ್ಲಿ ಓಕ್ಲಹೋಮಾದ ಜ್ಯೂರಿ ಬೇರೆ ಪ್ರಕರಣದಲ್ಲಿ ಬೇರೆ ತೀರ್ಮಾನಕ್ಕೆ ಬಂತು, ಅದು ದೊಡ್ಡ ಕಥೆ, ಇನ್ನೊಮ್ಮೆ ಬರೀತೀನಿ.)

ಟೊಯೊಟಾದವರು ಆ ಸೂಚನೆ ಕೊಟ್ಟ ವಾರವೇ ನಮ್ಮಲ್ಲಿ ಕೃಷ್ಣೆ, ತುಂಗಭದ್ರೆ ಎರಡೂ ಉಕ್ಕಿ ಹರಿದಿದ್ದು. 2009ರ ಆ ನೆರೆ ರಾಯಚೂರಿನವರು ಯಾರೂ ಮರೆಯೋ ಹಾಗಿಲ್ಲ. ನಾನಾಗ ಸಣ್ಣ ಹುಡುಗ. ನೀರು ಇಳಿದ ಮೇಲೆ ಜನ ತಮ್ಮ ಗಾಡಿಗಳ ಮ್ಯಾಟು, ಸೀಟು ಎಲ್ಲ ಕಿತ್ತು ಗೋಡೆ ಮೇಲೆ ಒಣಹಾಕಿದ್ದು ನೆನಪಿದೆ.

ನಮ್ಮ ಮನೆಯ ಸಂಗತಿ ಹೇಳ್ತೀನಿ. ನಮ್ಮ ಕಾಕಾ ಮಾನ್ವಿ ಹತ್ತಿರದ ಹಳ್ಳಿಯಲ್ಲಿ ಭತ್ತ ಬೆಳೀತಾರೆ. ವಯಸ್ಸು ಅರವತ್ತೆರಡು. ಊರಲ್ಲಿ ರಾತ್ರಿ ಯಾರಿಗಾದ್ರೂ ಎದೆ ನೋವು, ಹೆರಿಗೆ ನೋವು ಬಂದ್ರೆ ಆಂಬುಲೆನ್ಸ್ ಬರೋದ್ರೊಳಗೆ ಇವರ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ರಾಯಚೂರಿನ ದಾರಿ ಹಿಡಿದಿರುತ್ತೆ. ಹೋದ ಮಳೆಗಾಲದಲ್ಲಿ ದೇವದುರ್ಗದ ನೆಂಟರ ಮನೆಯಿಂದ ವಾಪಸು ಬರ್ತಿದ್ವಿ, ನಾನು ಪಕ್ಕದ ಸೀಟಲ್ಲಿ. ಗಬ್ಬೂರು ದಾಟಿದ ಮೇಲೆ ಒಂದು ಟ್ರ್ಯಾಕ್ಟರ್ ಹಿಂದಿಕ್ಕೋಕೆ ಕಾಕಾ ಜೋರಾಗಿ ಒತ್ತಿದ್ರು. ಟ್ರ್ಯಾಕ್ಟರ್ ಹಿಂದಾಯ್ತು, ಕಾರು ಮಾತ್ರ ಹಂಗೇ ನುಗ್ತಾ ಇದೆ. ಕಾಕಾ ಕಾಲು ತೆಗೆದಿದ್ದಾರೆ, ಇಂಜಿನ್ ಕೂಗ್ತಾ ಇದೆ. ಎದುರಿಗೆ ರಸ್ತೆ ಬದಿಯಲ್ಲಿ ಹೊಲದ ಕೆಲಸ ಮುಗಿಸಿ ಬರೋ ಹೆಣ್ಮಕ್ಕಳ ಸಾಲು. ಬ್ರೇಕ್ ಒತ್ತಿದ್ರೆ ಮೊದಲು ಹಿಡೀತು, ಬಿಟ್ಟು ಬಿಟ್ಟು ಒತ್ತಿದ ಹಾಗೆಲ್ಲ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಯ್ತು. "ಕ್ಲಚ್ ಒತ್ರೀ ಕಾಕಾ!" ಅಂತ ಕಿರುಚಿದೆ. ಒತ್ತಿದ್ರು. ಹತ್ತಿ ಹೊಲದ ಬದುವಿಗೆ ಮೂತಿ ತಾಗಿಸಿ ನಿಂತಿತು ಕಾರು.

ಬ್ರೇಕ್ ಗಟ್ಟಿಯಾಗಿದ್ದು ಯಾಕೆ ಅಂದ್ರೆ, ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಬ್ರೇಕಿನ ಬೂಸ್ಟರು ಇಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುತ್ತೆ. ಥ್ರಾಟಲ್ ಪೂರ್ತಿ ತೆರೆದಿದ್ರೆ ನಿರ್ವಾತ ಹುಟ್ಟೋದಿಲ್ಲ. ಕೂಡಿಟ್ಟಿದ್ದು ಎರಡು ಮೂರು ಸಲ ಒತ್ತೋದ್ರಲ್ಲಿ ಖಾಲಿ. ಅದಕ್ಕೇ ಇಂಥ ಹೊತ್ತಲ್ಲಿ ಬ್ರೇಕನ್ನು ಒಂದೇ ಸಮನೆ ಗಟ್ಟಿಯಾಗಿ ಒತ್ತಿ ಹಿಡಿದು, ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಬೇಕು. ಆಟೊಮ್ಯಾಟಿಕ್ ಆದ್ರೂ ನ್ಯೂಟ್ರಲ್ಲಿಗೆ ಎಳೀಬಹುದು. ಬೇರೇನೂ ನೆನಪಿಲ್ದಿದ್ರೂ ಇದೊಂದನ್ನ ನಿಮ್ಮ ಮನೆಯಲ್ಲಿ ಗಾಡಿ ಓಡಿಸೋ ಎಲ್ಲರಿಗೂ ಹೇಳಿ.

ಇಳಿದು ಬಗ್ಗಿ ನೋಡಿದೆ. ಒಂದು, ಕಂಪನಿ ಕಾರ್ಪೆಟ್ ಮ್ಯಾಟು. ಅದರ ಮೇಲೆ ರಬ್ಬರ್ ಮ್ಯಾಟು. ಅದರ ಮೇಲೆ ಹುಲ್ಲು ಮ್ಯಾಟು. ಎಲ್ಲಕ್ಕೂ ಮೇಲೆ, ಹುಲ್ಲು ಮ್ಯಾಟು ಹೊಲಸಾಗಬಾರದು ಅಂತ ಕತ್ತರಿಸಿ ಹಾಸಿದ ಗೋಣಿಚೀಲ! ಹುಲ್ಲು ಮ್ಯಾಟಿನ ಮುಂದಿನ ಅಂಚು ಮುಂದಕ್ಕೆ ಸರಿದು ಆಕ್ಸಿಲರೇಟರ್ ಮೇಲೆ ಹತ್ತಿ ಕೂತಿತ್ತು.

ಊರಿಗೆ ಬಂದ ಮೇಲೆ ನಡೆದದ್ದೇ ನನಗೆ ಸಿಟ್ಟು ತರಿಸಿದ್ದು. "ಕೆಟ್ಟ ಗಳಿಗಿ ಇತ್ತು, ಹನುಮಪ್ಪ ಉಳಿಸಿದ" ಅಂದ್ರು ಕಾಕಿ. ಇರಲಿ. ಉಳಿದವರೆಲ್ಲ ಒಕ್ಕೊರಲಿನಿಂದ "ವಯಸ್ಸಾತು, ಕಾಲು ಹತೋಟಿಯಾಗಿಲ್ಲ, ಇನ್ನ ಗಾಡಿ ಹೊಡಿಯೋದು ಬ್ಯಾಡ" ಅಂದುಬಿಟ್ರು. ಕೀ ಕಸಿದಿಟ್ರು. ಮ್ಯಾಟಿನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ನಮ್ಮ ಆಫೀಸಲ್ಲಿ ಇದಕ್ಕೆ ಯೂಸರ್ ಎರರ್ ಅಂತೀವಿ. ಬಟನ್ ಇಟ್ಟ ಜಾಗವೇ ತಪ್ಪಾಗಿದ್ರೂ ಒತ್ತಿದವನದೇ ತಪ್ಪು. ಆ ರಾತ್ರಿ ಕಾಕಾ ಜಗಲಿ ಮೇಲೆ ಕೂತು ತಮ್ಮ ಬಲಗಾಲನ್ನೇ ನೋಡ್ಕೊಳ್ತಿದ್ರು. ನಾನು ನಾಲ್ಕೂ ಪದರ ತಂದು ಎದುರಿಗೆ ಹಾಸಿ ತೋರಿಸಿದೆ. "ಹೌದೇನಪಾ" ಅಂದ್ರು ಅಷ್ಟೇ.

ಹಂಗಾದ್ರೆ ನಮ್ಮ ಕಡೆಗೆ ಎಂಥ ಮ್ಯಾಟು ಬೇಕು? ಆಮೇಲೆ ಒಂದು ವಾರ ರಜೆ ಇದ್ದಾಗ ಇದನ್ನೇ ಹಿಡಿದು ಕೂತೆ. ಪ್ರಯೋಗ ಬಹಳ ಸರಳ. ಒಂದು ಹಲಗೆ, ಅದರ ಮೇಲೆ ಹಳೇ ಕಾರ್ಪೆಟ್ ತುಂಡು, ಅದರ ಮೇಲೆ ಮ್ಯಾಟು, ಮ್ಯಾಟಿನ ಮೇಲೆ ಭಾರಕ್ಕೆ ಒಂದು ಇಟ್ಟಂಗಿ. ಹಲಗೆಯ ಒಂದು ತುದಿ ಎತ್ತುತ್ತಾ ಹೋಗೋದು. ಮ್ಯಾಟು ಯಾವ ಕೋನದಲ್ಲಿ ಜಾರುತ್ತೋ ಆ ಕೋನದ ಟ್ಯಾನ್ ಬೆಲೆಯೇ ಘರ್ಷಣೆಯ ಗುಣಾಂಕ. 45 ಡಿಗ್ರಿಗೆ ಜಾರಿದ್ರೆ 1, 30ಕ್ಕೆ ಜಾರಿದ್ರೆ 0.58. ಮ್ಯಾಟಿನ ಅಡಿಯ ರಬ್ಬರ್ ಮುಳ್ಳುಗಳು ಕಾರ್ಪೆಟ್ಟಿನ ನೂಲಿಗೆ ಚುಚ್ಚಿಕೊಂಡಾಗ ಅಲುಗಾಡೋದೇ ಇಲ್ಲ. ಅದೇ ಮ್ಯಾಟನ್ನು ಇನ್ನೊಂದು ಮ್ಯಾಟಿನ ಮೇಲಿಟ್ರೆ ಮುಳ್ಳಿಗೆ ಹಿಡಿತವೇ ಸಿಗದೆ ಬೇಗ ಜಾರುತ್ತೆ. ನಡುವೆ ದೇವದುರ್ಗದ ಗರಸಿನ ಪುಡಿ ಉದುರಿಸಿದ್ರೆ ಕಣದಲ್ಲಿ ಚೆಲ್ಲಿದ ಜೋಳದ ಮೇಲೆ ಕಾಲಿಟ್ಟ ಹಾಗೆ, ಕಣಕಣವೂ ಉರುಳು ಗುಂಡು. ಮಾನ್ವಿಯ ಎರಿ ರಾಡಿ ಸವರಿದ್ರೆ ಕೇಳಲೇಬೇಡಿ, ಅರ್ಧ ಎತ್ತೋ ಮೊದಲೇ ಇಟ್ಟಂಗಿ ನನ್ನ ಕಾಲ ಮೇಲೆ.

ಮೇಲ್ಮೈಗೆ ದಾರಿ ಸಿಕ್ಕಿದ್ದು ಅಂಗಳದಲ್ಲಿ ನಿಂತ ಟ್ರ್ಯಾಕ್ಟರಿನಿಂದ. ಮ್ಯಾಟುಗಳಲ್ಲಿ ಸಣ್ಣ ಸಣ್ಣ ಆಳದ ಗೆರೆಗಳಿರ್ತವೆ, ಹಿಡಿತಕ್ಕೆ ಅಂತ. ಎರಿ ಮಣ್ಣು ಹತ್ತು ಹೆಜ್ಜೆಗೆ ಆ ಗೆರೆಗಳನ್ನ ಗಾರೆ ಹಾಕಿದ ಹಾಗೆ ಮುಚ್ಚಿಬಿಡುತ್ತೆ. ಟ್ರ್ಯಾಕ್ಟರಿನ ಹಿಂದಿನ ಟಯರ್ ನೋಡಿ, ದಪ್ಪ ಹಲ್ಲುಗಳು, ನಡುವೆ ಗೇಣಗಲದ ಜಾಗ, ಓರೆ ಗೋಡೆ. ಮಣ್ಣು ಕಚ್ಚಿಕೊಂಡರೂ ತಾನಾಗೇ ಉದುರುತ್ತೆ. ಡ್ರೈವರ್ ಹಿಮ್ಮಡಿ ಊರೋ ಜಾಗದಲ್ಲಿ ಇಂಥದ್ದೇ, ಅಗಲ ಸಂದಿಯ ಓರೆ ಹಲ್ಲುಗಳು ಬೇಕು. ಮ್ಯಾಟನ್ನು ಎತ್ತಿ ಒಂದು ಸಲ ಮಡಚಿ ಝಾಡಿಸಿದ್ರೆ ಒಣ ಮಣ್ಣು ಹೆಂಟೆಯಾಗಿ ಬೀಳಬೇಕು. ಮೂರು ಕಡೆ ಎತ್ತರದ ಅಂಚು ಇರಲಿ, ನೀರು ಹೊರಗೆ ಹೋಗದಂತೆ. ಪೆಡಲ್ ಕಡೆಯ ಅಂಚು ಮಾತ್ರ ಚಪ್ಪಟೆ, ಪೆಡಲ್ಲಿಗಿಂತ ಹಿಂದೆಯೇ ಮುಗೀಬೇಕು.

ಯಾವ ವಸ್ತುವಿನಿಂದ ಮಾಡೋದು? ಅಗ್ಗದ ಪಿವಿಸಿಯನ್ನು ಮೆತ್ತಗೆ ಮಾಡೋದು ಅದಕ್ಕೆ ಬೆರೆಸೋ ಎಣ್ಣೆಯಂಥ ದ್ರವ. ಬಿಸಿಲಲ್ಲಿ ಅದು ನಿಧಾನಕ್ಕೆ ಹೊರಗೆ ಬರುತ್ತೆ, ಹೊಸ ಮ್ಯಾಟಿನ ವಾಸನೆಗೆ ಅದರ ಪಾಲೂ ಇದೆ. ನಮ್ಮ ಮೇ ತಿಂಗಳ 43, 44 ಡಿಗ್ರಿ ಬಿಸಿಲಲ್ಲಿ, ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಎರಡು ಬೇಸಿಗೆ ಕಳೆದ್ರೆ ಪಿವಿಸಿ ಹಪ್ಪಳದ ಹಾಗೆ ಗಟ್ಟಿಯಾಗಿ ಅಂಚು ಮೇಲಕ್ಕೆ ಸುರುಳಿ ಏಳುತ್ತೆ. ಪೆಡಲ್ ಕಡೆ ಎದ್ದ ಅಂಚಿಗಿಂತ ಅಪಾಯ ಇನ್ನೊಂದಿಲ್ಲ. ಕಾರ್ಬನ್ ಬ್ಲ್ಯಾಕ್ ಬೆರೆಸಿದ ಒಳ್ಳೆಯ ರಬ್ಬರು ಅಥವಾ ಟಿಪಿಇ ಇದಕ್ಕಿಂತ ಎಷ್ಟೋ ಮೇಲು. ದುಡ್ಡು ಮಾತ್ರ ಜಾಸ್ತಿ. ಉಳಿದ ಮೂರು ಸೀಟಿನ ಮ್ಯಾಟು ಏನಾದ್ರೂ ಹಾಕ್ಕೊಳ್ಳಿ, ಬೇಕಾದ್ರೆ ಗೋಣಿಚೀಲವೇ ಇರಲಿ. ದುಡ್ಡು ಡ್ರೈವರ್ ಕಡೆಯದಕ್ಕೆ ಹಾಕಿ. ಒಂದೇ ಮ್ಯಾಟು ಬಿಡಿಯಾಗಿ ಮಾರೋ ಅಂಗಡಿ ರಾಯಚೂರಿನಲ್ಲಿ ನನಗೆ ಸಿಗಲಿಲ್ಲ, ಎಲ್ಲ ಕಡೆ ಸೆಟ್ಟೇ ತಗೋಬೇಕು. ಈ ವ್ಯಾಪಾರದ ಪದ್ಧತಿಯೇ ತಪ್ಪು ಅಂತ ನನ್ನ ವಾದ.

ಎಲ್ಲಕ್ಕಿಂತ ಮುಖ್ಯ, ಕೊಂಡಿ. ಈಗಿನ ಹೆಚ್ಚಿನ ಕಾರುಗಳ ಡ್ರೈವರ್ ಕಡೆ ನೆಲದಲ್ಲಿ ಒಂದೋ ಎರಡೋ ಕೊಂಡಿ ಇರ್ತವೆ, ಮ್ಯಾಟಿನ ತೂತನ್ನು ಅದಕ್ಕೆ ಸಿಕ್ಕಿಸಬೇಕು. ಹೊರಗಿಂದ ತಂದ ಮ್ಯಾಟಿಗೆ ಆ ತೂತೇ ಇರಲ್ಲ, ಇದ್ರೂ ಜಾಗ ಕೂಡೋದಿಲ್ಲ. ಕಾಕಾರ ಕಾರಿಗೆ ಮಾನ್ವಿಯ ಕುಶನ್ ವರ್ಕ್ಸ್‌ನ ಹುಡುಗನೊಬ್ಬ, ಟಾರ್ಪಾಲಿಗೆ ಹಾಕೋ ಹಿತ್ತಾಳೆ ಬಳೆಗಳನ್ನೇ ಹೊಡೆದು ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ. ರಬ್ಬರ್ ಮ್ಯಾಟಿನ ಮುಂದಿನ ಅಂಚನ್ನು ಪೆಡಲ್ಲಿನ ಹಿಂದಕ್ಕೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದ. ಪೆಡಲನ್ನು ಕೈಯಿಂದ ನೆಲಕ್ಕೆ ಮುಟ್ಟುವ ತನಕ ಒತ್ತಿ ಬಿಟ್ಟು ನೋಡಿದ್ವಿ, ಪ್ರತಿ ಸಲ ತಾನಾಗೇ ವಾಪಸು ಬಂತು. ನಿಮ್ಮ ಗಾಡಿಯಲ್ಲೂ ಇಂಜಿನ್ ಬಂದ್ ಮಾಡಿ ಇದನ್ನ ಮಾಡಿ ನೋಡಿ. ಸೀಟಿನ ಕೆಳಗೆ ಉರುಳಾಡೋ ನೀರಿನ ಬಾಟ್ಲಿ ಇದ್ರೆ ಅದನ್ನೂ ತೆಗೀರಿ, ಅದು ಬ್ರೇಕ್ ಪೆಡಲಿನ ಅಡಿಗೆ ಹೋದ್ರೆ ಮ್ಯಾಟಿಗಿಂತ ಕೆಟ್ಟದ್ದು.

ಟ್ರ್ಯಾಕ್ಟರ್ ಹಲ್ಲಿನ ಮ್ಯಾಟು ಮಾತ್ರ ಇನ್ನೂ ಕಾಗದದ ಮೇಲೇ ಇದೆ. ಅಚ್ಚು ಮಾಡಿಸೋ ಖರ್ಚು ಕೇಳಿ ಸುಮ್ಮನಾಗಿದ್ದೀನಿ, ಅದೂ ಒಂದೊಂದು ಮಾದರಿಯ ಕಾರಿಗೆ ಒಂದೊಂದು ಅಚ್ಚು. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಕೆಲಸ ಗೊತ್ತಿರೋ ಗೆಳೆಯರು ಇದನ್ನು ಓದ್ತಿದ್ರೆ, ಹಿಮ್ಮಡಿ ಜಾಗಕ್ಕಷ್ಟೇ ಅಂಟಿಸುವಂಥ ಒಂದು ಅಡಿ ಚದರದ ತುಂಡನ್ನು ಕೈಅಚ್ಚಿನಲ್ಲಿ ಎರಕ ಹೊಯ್ಯೋಕೆ ಆಗುತ್ತಾ ಹೇಳಿ. ಎರಿ ಮಣ್ಣು ಎಷ್ಟು ಬೇಕಾದ್ರೂ ನಾನು ಕಳಿಸ್ತೀನಿ. ಕಾಕಾನ ಕೈಗೆ ಕೀ ವಾಪಸು ಬಂದಿದ್ದು ದೀಪಾವಳಿಗೆ, ಅದೂ ಕಾಕಿ ತಾವೇ ಬಗ್ಗಿ ಕೊಂಡಿ ಎಳೆದು ನೋಡಿದ ಮೇಲೆ. ಹುಲ್ಲು ಮ್ಯಾಟು ಈಗ ಬಚ್ಚಲ ಬಾಗಿಲಲ್ಲಿದೆ.